ತಲೆಗೆ ಎಲ್ಲಾ ಅರ್ಥ ಆಗಿದೆ, ಮೈಗೆ ಆಗಿಲ್ಲ: ಮನಸ್ಸು, ದೇಹ, ಹೃದಯ ಸೇರಿಸಿ ಮಾಡೋ ಥೆರಪಿ ಯಾರಾದ್ರೂ ತಗೊಂಡಿದೀರಾ?

ಒಂಟಿಹಕ್ಕಿ:
ಒಂದೂವರೆ ವರ್ಷದಿಂದ ಕೌನ್ಸೆಲಿಂಗ್‌ಗೆ ಹೋಗ್ತಿದೀನಿ. ಚಿಕ್ಕವಳಿದ್ದಾಗ ಮನೇಲಿ ಕೂಗಾಟ ಜಾಸ್ತಿ ಇತ್ತು, ಈಗಿನ ಹೆದರಿಕೆಗೆ ಅದೇ ಮೂಲ ಅಂತ ಗೊತ್ತಾಗಿದೆ, ಮಾತಾಡಿ ಮಾತಾಡಿ ಬಾಯಿಪಾಠ ಆಗೋಗಿದೆ. ಆದ್ರೂ ಯಾರಾದ್ರೂ ಸ್ವಲ್ಪ ದನಿ ಎತ್ತಿದ್ರೆ ಸಾಕು ಗಂಟಲು ಕಟ್ಕೊಳತ್ತೆ, ಭುಜ ಬಿಗಿಯಾಗತ್ತೆ, ಕೈ ತಣ್ಣಗಾಗತ್ತೆ. ಈಗ ಥೆರಪಿಸ್ಟು ಮೂರನ್ನೂ ಸೇರಿಸಿ ಕೆಲ್ಸ ಮಾಡೋಣ ಅಂತಿದಾರೆ. ಹೋದ ಸಲ ಮಾತು ನಿಲ್ಸಿ "ಇದನ್ನ ಹೇಳ್ವಾಗ ಮೈಯಲ್ಲಿ ಎಲ್ಲಿ ಏನಾಗ್ತಿದೆ" ಅಂದ್ರು, ನಂಗೆ ಏನೂ ತೋಚ್ಲಿಲ್ಲ, ಖಾಲಿ ಖಾಲಿ. ಇದ್ರಲ್ಲಿ ಹುರುಳಿದ್ಯಾ? ಆತಂಕಕ್ಕೆ ಮಾತ್ರೇನೂ ತಗೋತಿದೀನಿ, ಅದನ್ನ ಬಿಡ್ಬೇಕಾ?

ತಂಗಾಳಿ:
ಖಾಲಿ ಅನ್ಸಿದ್ದೂ ಉತ್ತರಾನೇ ಕಣ್ರೀ, ನಂಗೂ ಮೊದಲ ಎರಡು ತಿಂಗಳು ಹಾಗೇ ಇತ್ತು. ನೋಡಿ, ಎದೆ ಝಲ್ ಅಂತು, ಕರುಳು ಚುರ್ ಅಂತು, ಹೊಟ್ಟೇಲಿ ಸಂಕಟ ಆಯ್ತು, ಎದೆ ಹಗುರ ಆಯ್ತು ಅಂತ ನಾವು ದಿನಾ ಆಡ್ತೀವಲ್ಲ, ಆ ಮಾತನ್ನೇ ನಿಜ ಅಂದ್ಕೊಂಡು ಅಲ್ಲೇ ಸ್ವಲ್ಪ ಹೊತ್ತು ನಿಂತು ನೋಡೋದು, ಅಷ್ಟೇ. ಶಿಕಾಗೋ ಯೂನಿವರ್ಸಿಟಿಯ ಯೂಜೀನ್ ಜೆಂಡ್ಲಿನ್ ಅನ್ನೋರು ಕಾರ್ಲ್ ರೋಜರ್ಸ್ ಅನ್ನೋ ಹೆಸರಾಂತ ಮನಶ್ಶಾಸ್ತ್ರಜ್ಞರ ಜೊತೆ ಕೆಲಸ ಮಾಡಿದೋರು, ಥೆರಪಿ ಸೆಷನ್ ರೆಕಾರ್ಡಿಂಗ್‌ಗಳನ್ನ ಕೂತು ಕೇಳಿದಾಗ ಅವರಿಗೆ ಕಂಡಿದ್ದು ಏನಂದ್ರೆ, ಪಟಪಟ ಅಂತ ಎಲ್ಲಾ ವಿವರಿಸೋರಿಗಿಂತ ಮಧ್ಯೆ ತಡವರಿಸಿ "ಅದು... ಹೇಗೆ ಹೇಳ್ಲಿ... ಇಲ್ಲೇನೋ ಗಂಟು ಥರ" ಅಂತ ಒಳಗೆ ತಡಕಾಡೋರೇ ಜಾಸ್ತಿ ಸುಧಾರಿಸ್ತಿದ್ರು.

ನನ್ನ ವಿಷ್ಯದಲ್ಲಿ ತಲೆ ಯಾವಾಗ್ಲೂ "ಇದು ಭಯ" ಅಂತಿತ್ತು. ಒಂದು ದಿನ ಎದೆ ಮೇಲಿನ ಭಾರದ ಜೊತೆ ಸುಮ್ನೆ ಕೂತೆ, ತುಂಬಾ ಹೊತ್ತಾದ್ಮೇಲೆ ಬಂದ ಮಾತು "ಅವತ್ತು ನನ್ನ ಪರ ಯಾರೂ ಮಾತಾಡ್ಲಿಲ್ಲ" ಅಂತ. ಭಯ ಅಲ್ಲ ಅದು, ದುಃಖ. ಅತ್ತುಬಿಟ್ಟೆ. ಹೃದಯದ ಮಾತು ಅಂತಾರಲ್ಲ, ನಂಗೆ ಅರ್ಥ ಆಗಿರೋದು ಇದೇ.

ನಿಧಾನಿ:
ದೇಹದ ಕಡೆಯಿಂದ ಸ್ವಲ್ಪ ಸೇರಿಸ್ತೀನಿ. ಮಿದುಳಿಂದ ಎದೆ ಹೊಟ್ಟೆವರೆಗೂ ಹೋಗೋ ವೇಗಸ್ ನರ ಇದೆಯಲ್ಲ, ಅದರ ಎಳೆಗಳಲ್ಲಿ ಸುಮಾರು ಶೇ. 80ರಷ್ಟು ದೇಹದ ಸುದ್ದೀನ ಮಿದುಳಿಗೆ ಒಯ್ಯೋವು, ಮಿದುಳಿನ ಅಪ್ಪಣೆ ಕೆಳಗೆ ತರೋವು ಕಮ್ಮಿ. "ಹೆದರಬೇಡ" ಅಂತ ತಲೆ ಎಷ್ಟು ಹೇಳಿದ್ರೂ ಮೈ ಕೇಳದೇ ಇರೋದಕ್ಕೆ ಇದೂ ಒಂದು ಕಾರಣ ಇರಬಹುದು. ಉಸಿರು ಒಳಗೆ ಎಳ್ಕೊಂಡಾಗ ಎದೆಬಡಿತ ಸ್ವಲ್ಪ ಜೋರಾಗತ್ತೆ, ಬಿಟ್ಟಾಗ ನಿಧಾನ ಆಗತ್ತೆ, ಹಾಗಾಗಿ ನಿಮಿಷಕ್ಕೆ ಆರು ಉಸಿರಿನ ಲೆಕ್ಕದಲ್ಲಿ, ಬಿಡೋದನ್ನ ಉದ್ದ ಮಾಡಿ ಐದು ನಿಮಿಷ ಮಾಡಿ ನೋಡಿ. ಎದೆನೋವು ಪದೇ ಪದೇ ಬರ್ತಿದ್ರೆ ಮಾತ್ರ ಮೊದಲು ಡಾಕ್ಟರ್ ಹತ್ರ ತೋರಿಸ್ಕೊಳ್ಳಿ, ಎಲ್ಲಾನೂ ಮನಸ್ಸಿನ ಮೇಲೆ ಹಾಕ್ಬೇಡಿ. ಮಾತ್ರೆ ನೀವಾಗೇ ನಿಲ್ಲಿಸ್ಲೇಬೇಡಿ, ಕೆಲವನ್ನ ದಿಢೀರ್ ಬಿಟ್ರೆ ತುಂಬಾ ಕಷ್ಟ ಆಗತ್ತೆ, ಬರೆದುಕೊಟ್ಟ ಡಾಕ್ಟರ್ ಹತ್ರಾನೇ ಕೇಳಿ.

ಮಣ್ಣಹಣತೆ:
ನನ್ನ ಅನುಭವ ಬೇರೆ, ಅದಕ್ಕೇ ಬರೀತಿದೀನಿ. ಮೊದಲು ಹೋದ ಕಡೆ ಕಣ್ಣು ಮುಚ್ಚಿ ಮೈಯೆಲ್ಲಾ ಗಮನಿಸಿ ಅಂದ್ರು, ಮೂರೇ ನಿಮಿಷಕ್ಕೆ ಉಸಿರು ಕಟ್ಟಿದಂಗಾಯ್ತು, ನಿಲ್ಸಿ ಅಂದ್ರೂ "ಬರಲಿ, ಹೊರಗೆ ಬರಲಿ" ಅಂತ ಮುಂದುವರಿಸಿದ್ರು. ಒಂದು ವಾರ ನಿದ್ದೆ ಇಲ್ಲ. ಗಾಯ ಹಳೇದಿದ್ದಾಗ ಮೈ ಅನ್ನೋದೇ ಹೆದರಿಕೆ ಜಾಗ ಆಗಿರತ್ತೆ, ಅಲ್ಲಿಗೆ ತಳ್ಳಿದ್ರೆ ಆಗಲ್ಲ. ಈಗಿನವರು ಕಣ್ಣು ಬಿಟ್ಕೊಂಡೇ ಇರಿ ಅಂತಾರೆ, ಪಾದ ನೆಲಕ್ಕೆ ತಾಕಿದ್ಯಾ ನೋಡಿ ಅಂತಾರೆ, ಮೈಯಲ್ಲಿ ನೋವಿಲ್ಲದ ಜಾಗ ಹುಡುಕಿ ಅಲ್ಲಿಂದ ಶುರು ಮಾಡ್ತಾರೆ. ನಂಗೆ ಸಿಕ್ಕಿದ್ದು ಎಡ ಅಂಗೈ. ಎಷ್ಟೋ ಸೆಷನ್ ಬರೀ ಅಂಗೈಯಲ್ಲೇ ಕಳೀತು. ನಿಮ್ಮವರಿಗೆ ಒಂದೇ ಪ್ರಶ್ನೆ ಕೇಳಿ, ನಾನು ಸಾಕು ಅಂದ್ರೆ ತಕ್ಷಣ ನಿಲ್ಲಿಸ್ತೀರಾ ಅಂತ. ಗ್ಯಾರಂಟಿ ವಾಸಿ ಅನ್ನೋರು, ಮಾತ್ರೆ ಬಿಸಾಕಿ ಅನ್ನೋರು ಸಿಕ್ಕಿದ್ರೆ ಎದ್ದು ಬನ್ನಿ.

ಒಂಟಿಹಕ್ಕಿ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಮಾತ್ರೆ ಬಿಡಲ್ಲ. ತಂಗಾಳಿಯವರೇ, ನಿಮ್ಮದನ್ನ ಓದ್ವಾಗ ಗಂಟಲು ಕಟ್ತು, ಈ ಸಲ ಅದು ಎಲ್ಲಿ ಅಂತ ಗೊತ್ತಾಯ್ತು, ಸರಿಯಾಗಿ ಎರಡು ಕಾಲರ್ ಮೂಳೆ ಮಧ್ಯೆ. ಮುಂದಿನ ಸೆಷನ್‌ನಲ್ಲಿ ಅದನ್ನೇ ಹೇಳ್ತೀನಿ, ನಿಲ್ಲಿಸ್ತೀರಾ ಅಂತಾನೂ ಕೇಳ್ತೀನಿ.