ಅಪ್‌ಡೇಟ್: ಗಾಳದ ಮೊನೆ ಮೇಲಿದ್ದರೆ ಮೀನು ತಪ್ಪಿಸಿಕೊಳ್ಳುತ್ತಾ?

ಅಮೆರಿಕದ ಸಸ್ಕ್ವೆಹಾನಾ ನದಿಯಲ್ಲಿ ಸ್ಮಾಲ್‌ಮೌತ್ ಬಾಸ್ ಮೀನು ನನ್ನ ಕ್ಲೌಸರ್ ಮಿನ್ನೋ ಫ್ಲೈಯನ್ನು (ಸಣ್ಣ ಮೀನಿನಂತೆ ಕಾಣಲು ಗಾಳದ ಮೇಲೆ ಕಟ್ಟಿದ ಕೃತಕ ಎರೆ) ಕಚ್ಚಿದರೂ ಗಾಳಕ್ಕೆ ಸಿಗುತ್ತಿಲ್ಲ, ಮೊನೆ ಮೇಲಕ್ಕೆ ತಿರುಗಿರುವುದೇ ಕಾರಣವಾ ಅಂತ ಕೇಳಿದ್ದೆನಲ್ಲ, ಅದರ ಅಪ್‌ಡೇಟ್ ಇದು. ಮೊನೆ ಮೇಲೆ ಇರಬೇಕಾದದ್ದೇ. ಡಂಬೆಲ್ ಆಕಾರದ ಲೋಹದ ಕಣ್ಣುಗಳನ್ನು ಶ್ಯಾಂಕ್ (ಗಾಳದ ನೇರ ಕಡ್ಡಿ) ಮೇಲೆ ಕಟ್ಟಿರುತ್ತೇವೆ, ಆ ಭಾರಕ್ಕೆ ಫ್ಲೈ ನೀರಿನಲ್ಲಿ ಮಗುಚಿಕೊಳ್ಳುತ್ತದೆ, ಹಾಗಾಗಿ ತಳದ ಕಲ್ಲಿಗೆ ಸಿಕ್ಕಿಕೊಳ್ಳುವುದು ಕಡಿಮೆ. ಈ ಫ್ಲೈಯನ್ನು ಬಾಬ್ ಕ್ಲೌಸರ್ ಎಂಬವರು 1980ರ ದಶಕದಲ್ಲಿ ಇದೇ ನದಿಯ ಬಾಸ್‌ಗೆ ಅಂತಲೇ ಮಾಡಿದ್ದು. ಅದಕ್ಕೇ ಕಟ್ಟುವ ರೀತಿ ಹಾಗೇ ಬಿಟ್ಟೆ, ಎಳೆಯುವ ರೀತಿ ಬದಲಿಸಿದೆ. ಮೀನು ಕಚ್ಚಿದಾಗ, ಟ್ರೌಟ್ ಮೀನಿಗೆ ಮಾಡುವಂತೆ ರಾಡ್ ಎತ್ತುವುದಿಲ್ಲ ಈಗ. ತುದಿ ನೀರಿನ ಹತ್ತಿರವೇ ಇಟ್ಟು ಎಡಗೈಯಲ್ಲಿ ಲೈನನ್ನು ಜೋರಾಗಿ ಹಿಂದಕ್ಕೆ ಎಳೆಯುತ್ತೇನೆ. ತಪ್ಪಿದರೂ ಫ್ಲೈ ಮೀನಿನ ಮುಂದೆಯೇ ಇರುತ್ತದೆ, ಕೆಲವು ಸಲ ತಿರುಗಿ ಬಂದು ಕಚ್ಚುತ್ತದೆ ಬೇರೆ! ಮೊನೆಯನ್ನು ಉಗುರಿನ ಮೇಲೆ ಎಳೆದು ನೋಡಿ, ಜಾರಿದರೆ ಅರದಿಂದ ಉಜ್ಜಿ ಅಂದವರಿಗೆ ಥ್ಯಾಂಕ್ಸ್. ಈಗ ಮೇಲ್ದವಡೆಗೇ ಚುಚ್ಚಿಕೊಳ್ಳುತ್ತಿದೆ.