ರಾತ್ರಿ ಪೈಪ್ ಒಡೆದ್ರೆ ಪ್ಲಂಬರ್ ಬರೋ ತನಕ ಏನು ಮಾಡೋದು? ಎಲ್ರೂ ದಯವಿಟ್ಟು ಓದಿ

ಮನೆ 12
ಎಲ್ರಿಗೂ ನಮಸ್ಕಾರ. ಕೊನೆ ಸಾಲಿನ ಮನೇಲಿ ನಿನ್ನೆ ರಾತ್ರಿ ಗೀಸರ್ ಹತ್ರ ಪೈಪ್ ಕಿತ್ತುಕೊಂಡು ಹಾಲ್ ತನಕ ನೀರು ಹರಿದಿದ್ದು ಗೊತ್ತೇ ಇದೆ. ಪ್ಲಂಬರ್ ಫೋನ್ ಎತ್ತಿದ್ರು, ಬರ್ತೀನಿ ಅಂತಾನೂ ಅಂದ್ರು, ಆದ್ರೆ ಇಷ್ಟು ದೂರ ಬರೋಷ್ಟರಲ್ಲಿ ಬೆಳಕು ಹರೀತು. ಅವರನ್ನ ದೂರಿ ಪ್ರಯೋಜನ ಇಲ್ಲ, ನಾವಿರೋ ಜಾಗಾನೇ ಹಂಗಿದೆ. ರಿಪೇರಿ ನಾಳೆ ಆಗ್ಲಿ ಪರವಾಗಿಲ್ಲ, ನೀರು ಮಾತ್ರ ಆಗಿಂದಾಗ್ಲೇ ನಿಲ್ಲಬೇಕು, ಅದು ನಮ್ಮ ಕೈಲೇ ಇರೋದು. ಅರ್ಧ ಇಂಚಿನ ಪೈಪ್ ಪೂರ್ತಿ ಕಿತ್ತು ಬಂದ್ರೆ ನಿಮಿಷಕ್ಕೆ 15-20 ಲೀಟರ್ ಸಲೀಸಾಗಿ ಹೋಗುತ್ತೆ, ಅಂದ್ರೆ 1000 ಲೀಟರ್ ಟ್ಯಾಂಕ್ ಸುಮಾರು 1 ಗಂಟೇಲಿ ಮನೆಯೊಳಗೆ. ಪ್ರತಿ ಮನೆ ಮೇನ್ ವಾಲ್ವ್ (ಇಡೀ ಮನೆಗೆ ನೀರು ಬಂದ್ ಮಾಡೋದು) ಎಲ್ಲಿದೆ ಅಂತ ಹುಡುಕಿ ಗುರುತು ಹಾಕೋ ಕೆಲಸ ಈ ಭಾನುವಾರಾನೇ ಶುರು ಮಾಡೋಣ ಅನ್ನೋದು ನನ್ನ ಮನವಿ. ಯಾರ್ಯಾರು ಬರ್ತೀರಿ?

ಮನೆ 31
ನಾನು ಬರ್ತೀನಿ ಸರ್. ಆದ್ರೆ ಗುರುತು ಹಾಕಿದ್ರೆ ಸಾಲಲ್ಲ, ವಾಲ್ವ್ ತಿರುಗಬೇಕಲ್ವಾ. ನಮ್ಮ ಬಡಾವಣೇಲಿ ಹಳೇ ಮನೆಗಳಿಗೆಲ್ಲ ಗೇಟ್ ವಾಲ್ವ್ ಹಾಕಿದಾರೆ, ಅದೇ ದುಂಡನೆ ಹಿಡಿ ಇರೋದು, ವರ್ಷಗಟ್ಟಲೆ ಮುಟ್ಟದೇ ಬಿಟ್ರೆ ಒಳಗೆ ಉಪ್ಪು ಕಟ್ಟಿ ಹಿಡ್ಕೊಂಡುಬಿಡುತ್ತೆ. ಆಗ ದಯವಿಟ್ಟು ಯಾರೂ ಪೈಪ್ ರೆಂಚ್ ಹಾಕಿ ಜಗ್ಗಬೇಡಿ, ಒಳಗಿನ ಕಡ್ಡಿ ಮುರಿದ್ರೆ ಮುಚ್ಚೋಕೂ ಆಗಲ್ಲ ತೆಗೆಯೋಕೂ ಆಗಲ್ಲ. ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ, ಹಿಂಗೇ ನಿಧಾನಕ್ಕೆ ಬಿಡಿಸ್ಕೊಂಡು ಹೋಗ್ಬೇಕು. ಹಿಡಿ ಬುಡದಲ್ಲಿ ನೀರು ತೊಟ್ಟಿಕ್ಕಿದ್ರೆ ಅಲ್ಲಿರೋ ನಟ್ಟು ಒಂಚೂರು ಬಿಗಿ ಮಾಡಿದ್ರೆ ಸಾಮಾನ್ಯವಾಗಿ ನಿಲ್ಲುತ್ತೆ. ಪೂರ್ತಿ ತೆಗೆದ ಮೇಲೆ ಕಾಲು ಸುತ್ತು ವಾಪಸ್ ತಿರುಗಿಸಿ ಬಿಡಿ, ಮುಂದಿನ ಸಲ ಹಿಡ್ಕೊಳ್ಳೋದು ಕಡಿಮೆ. ಯಾರಾದ್ರೂ ಬದಲಾಯಿಸೋರಿದ್ರೆ ಬಾಲ್ ವಾಲ್ವ್ ಹಾಕಿಸಿ, ಕಾಲು ಸುತ್ತಿಗೆ ಬಂದ್ ಆಗುತ್ತೆ, ಹಿಡಿ ಪೈಪ್‌ಗೆ ಅಡ್ಡ ಇದ್ರೆ ಮುಚ್ಚಿದೆ ಅಂತ ಕತ್ತಲಲ್ಲೂ ಕೈಗೆ ತಿಳಿಯುತ್ತೆ.

ಮನೆ 7
ನಾವು ಬಾಡಿಗೆಗೆ ಇರೋರು. ಓನರ್‌ಗೆ ಕೇಳಿದ್ರೆ ವಾಲ್ವ್ ಮೇಲೆ ಎಲ್ಲೋ ಇದೆ ಅಂತಾರೆ, ಟೆರೇಸ್ ಬೀಗ ಅವರ ಹತ್ರಾನೇ. ನಮ್ಮಂಥೋರು ಏನ್ಮಾಡೋದು?

ಮನೆ 12
ಮೇಡಂ, ಟೆರೇಸ್ ಕೀ ಒಂದು ನಿಮ್ಮ ಹತ್ರ ಇರ್ಲೇಬೇಕು, ಇದನ್ನ ಗುಂಪಿನ ಪರವಾಗಿ ಎಲ್ಲ ಓನರ್‌ಗಳಿಗೂ ನಾನೇ ಫೋನ್ ಮಾಡಿ ಹೇಳ್ತೀನಿ. ಬೀಗ ಹಾಕಿರೋ ಖಾಲಿ ಮನೆಗಳದ್ದೂ ಇದೇ ಕಥೆ, ಪಕ್ಕದ ಮನೆಯೋರ ಹತ್ರ ಒಂದು ಕೀ ಇರ್ಲಿ. ಊರಿಗೆ ಹೋಗುವಾಗ ಮೇನ್ ವಾಲ್ವ್ ಮುಚ್ಚಿ ಹೋದ್ರೆ ಇನ್ನೂ ಒಳ್ಳೇದು.

ಮನೆ 18
ಎಲ್ರೂ ವಾಲ್ವ್ ಅಂತಿದೀರಿ, ನಾನು ಕರೆಂಟ್ ಬಗ್ಗೆ ಹೇಳ್ತೀನಿ, ಯಾಕಂದ್ರೆ ನೆಲ ಒದ್ದೆಯಾದ್ರೆ ಒರೆಸಬಹುದು ಜೀವ ಹೋದ್ರೆ ಬರಲ್ಲ. ನೀರು ಸ್ವಿಚ್ ಬೋರ್ಡ್ ಹತ್ರ ಹರೀತಿದ್ರೆ, ಸೀಲಿಂಗ್ ಲೈಟಿಂದ ತೊಟ್ಟಿಕ್ತಿದ್ರೆ ಮೊದಲು ಮೇನ್ ಆಫ್ ಮಾಡಿ, ಆದ್ರೆ ಮೇನ್ ಬೋರ್ಡ್ ತನಕ ಹೋಗೋಕೆ ನೀರಲ್ಲೇ ನಿಂತು ಕೈ ಚಾಚಬೇಕು ಅಂತಿದ್ರೆ ಮುಟ್ಟಲೇಬೇಡಿ, ಹೊರಗೆ ಬಂದು ಗುಂಪಿಗೆ ಹೇಳಿ. ಗೀಸರ್ ಲೈನ್ ಒಡೆದ್ರೆ ಗೀಸರ್ ಎಂಸಿಬಿ (ಬೋರ್ಡಲ್ಲಿ ಅದರ ಕರೆಂಟ್ ಕಡಿಯೋ ಸ್ವಿಚ್) ಆಫ್ ಮಾಡಿ ಆಮೇಲೆ ನೀರು ನಿಲ್ಲಿಸಿ, ಒಳಗೆ ನೀರಿಲ್ಲದೇ ಕಾಯಿಲ್ ಕಾದ್ರೆ ಸುಟ್ಟು ಹೋಗುತ್ತೆ. ಪ್ರೆಶರ್ ಪಂಪ್ ಇರೋರು ಅದನ್ನೂ ಆಫ್ ಮಾಡಿ, ಇಲ್ಲಾಂದ್ರೆ ಅದು ಒಡೆದ ಜಾಗಕ್ಕೇ ನೀರು ತಳ್ತಾ ಇರುತ್ತೆ.

ಮನೆ 44 (ಕೊನೆ ಸಾಲು)
ನಿನ್ನೆ ಬಂದು ಸಹಾಯ ಮಾಡಿದ ಎಲ್ರಿಗೂ ಥ್ಯಾಂಕ್ಸ್. ಒಂದು ವಿಷಯ ಹೇಳ್ಬೇಕು. ನಮ್ಮ ಟ್ಯಾಂಕ್ ವಾಲ್ವ್ ತಿರುಗಲೇ ಇಲ್ಲ, 31ನೇ ಮನೆ ಅಣ್ಣ ಹಳೇ ಟವೆಲ್ ತುಂಡನ್ನ ದಪ್ಪ ಪ್ಲಾಸ್ಟಿಕ್ ಕವರಲ್ಲಿ ಉಂಡೆ ಕಟ್ಟಿ, ಅದಕ್ಕೆ ಗಟ್ಟಿ ಹಗ್ಗ ಬಿಗಿದು, ಟ್ಯಾಂಕ್ ಒಳಗಿಂದ ಔಟ್‌ಲೆಟ್ ತೂತಿಗೆ ಒತ್ತಿದ್ರು. ನೀರೇ ಅದನ್ನ ಒತ್ತಿ ಹಿಡೀತು, ಕೆಳಗೆ ಹರಿಯೋದು ನಿಂತುಹೋಯ್ತು. ಹಗ್ಗದ ತುದಿ ಟ್ಯಾಂಕ್ ಹೊರಗೆ ಕಟ್ಟಿದ್ರು, ಬೆಳಿಗ್ಗೆ ಎಳೆದು ತೆಗೆದಿದ್ದಾಯ್ತು.

ಮನೆ 31
ಅಕ್ಕ, ಅದು ಬೇರೆ ದಾರಿನೇ ಇಲ್ಲ ಅಂದಾಗ ಮಾತ್ರ. ಉಂಡೆ ತೂತಿಗಿಂತ ಚೆನ್ನಾಗಿ ದೊಡ್ಡದಿರ್ಬೇಕು, ಹಗ್ಗ ಇರ್ಲೇಬೇಕು, ಇಲ್ಲಾಂದ್ರೆ ಬಟ್ಟೆ ಪೈಪೊಳಗೆ ಸೇರ್ಕೊಂಡು ಇನ್ನೊಂದು ತಲೆನೋವು. ಮಳೇಲಿ ಜಾರೋ ಏಣಿ ಹತ್ತಿ ಒಬ್ರೇ ಯಾರೂ ಹೋಗ್ಬೇಡಿ.

ಮನೆ 3
ರಿಪೇರಿ ಸಾಮಾನಿಗೆ ಒಂದು ಕಾಮನ್ ಪೆಟ್ಟಿಗೆ ಇಡೋಣ ಅಂತ ಹಿಂದೆ ಮಾತಾಗಿತ್ತು. ನನಗೆ ಇಷ್ಟ ಇಲ್ಲ, ತಗೊಂಡೋರು ವಾಪಸ್ ಇಡಲ್ಲ, ಬೇಕಾದಾಗ ಖಾಲಿ ಡಬ್ಬ ಸಿಗುತ್ತೆ.

ಮನೆ 12
ನಿಮ್ಮ ಮಾತು ನಿಜ ಸರ್. ಅದಕ್ಕೇ ಗೇಟ್ ಹತ್ರ ಒಂದು ಪುಸ್ತಕ ಇಡೋಣ, ತಗೊಂಡೋರು ಬರೀಲಿ, ತಿಂಗಳಿಗೊಮ್ಮೆ ನಾನು ನೋಡ್ತೀನಿ. ದುಬಾರಿ ಸಾಮಾನೇನೂ ಬೇಡ. ಅರ್ಧ ಇಂಚು, ಮುಕ್ಕಾಲು ಇಂಚಿನ ಡಮ್ಮಿ (ನಲ್ಲಿ ಜಾಗ ಮುಚ್ಚೋ ಬಿರಡೆ) ಮತ್ತೆ ಎಂಡ್ ಕ್ಯಾಪ್ (ಪೈಪ್ ತುದಿ ಮುಚ್ಚಳ), ಟೆಫ್ಲಾನ್ ಟೇಪ್, ಹ್ಯಾಕ್ಸಾ, ರಬ್ಬರ್ ಇರೋ ರಿಪೇರಿ ಕ್ಲ್ಯಾಂಪ್, ಹಳೇ ಸೈಕಲ್ ಟ್ಯೂಬ್, ಟಾರ್ಚ್. ನಲ್ಲಿ ಮುರಿದು ಬಂದ್ರೆ ಆ ಜಾಗಕ್ಕೆ ಒಂದು ಡಮ್ಮಿ ತಿರುಗಿಸಿದ್ರೆ ಬೆಳಗಿನ ತನಕ ನೆಮ್ಮದಿ. ಟೆಫ್ಲಾನ್ ಟೇಪನ್ನ ಡಮ್ಮಿ ಥ್ರೆಡ್ ಬಿಗಿಯಾಗೋ ದಿಕ್ಕಿಗೇ ಸುತ್ತಿ, ಉಲ್ಟಾ ಸುತ್ತಿದ್ರೆ ಬಿಗಿ ಮಾಡುವಾಗ ಬಿಚ್ಚಿಕೊಂಡು ಬರುತ್ತೆ.

ಮನೆ 26
ಎಂಸೀಲ್ (ಎರಡು ತುಂಡು ಕಲಸಿ ಹಚ್ಚೋ ಅಂಟು) ಹಚ್ಚಿದ್ರೆ ಆಗಲ್ವಾ?

ಮನೆ 31
ನೀರು ಚಿಮ್ತಾ ಇರುವಾಗ ಆ ಮಾಮೂಲಿ ಎಂಸೀಲ್ ಹಿಡಿಯಲ್ಲ. ಲೈನ್ ಬಂದ್ ಮಾಡಿ, ಕೆಳಗಿನ ನಲ್ಲಿ ತೆಗೆದು ಪೈಪಲ್ಲಿ ಉಳಿದ ನೀರು ಇಳಿಸಿ, ಒರೆಸಿ ಒಣಗಿಸಿ, ಎರಡೂ ತುಂಡನ್ನ ಸಮ ಸಮ ತಗೊಂಡು ಒಂದೇ ಬಣ್ಣ ಬರೋ ತನಕ ಕಲಸಿ ಹಚ್ಚಿ, ಗಟ್ಟಿಯಾಗೋಕೆ ಬಿಡಿ. ಸಣ್ಣ ಸೀಳಿಗೆ ತಾತ್ಕಾಲಿಕಕ್ಕೆ ಸೈಕಲ್ ಟ್ಯೂಬ್ ಎಳೆದೆಳೆದು ಸುತ್ತಿ ಕಟ್ಟಿದ್ರೂ ನಡಿಯುತ್ತೆ. ಇನ್ನೊಂದು, ಬಿಸಿನೀರಿನ ಲೈನ್‌ಗೆ ಯಾರೂ ಯುಪಿವಿಸಿ (ತಣ್ಣೀರಿನ ಪ್ಲಾಸ್ಟಿಕ್ ಪೈಪ್) ತುಂಡು ಸೇರಿಸಬೇಡಿ, ಅದು ಬಿಸಿಗೆ ಮೆತ್ತಗಾಗುತ್ತೆ, ಬಿಸಿ ತಡೆಯೋ ಸಿಪಿವಿಸಿ ಪೈಪೇ ಬೇಕು, ಅದನ್ನ ಅಂಟಿಸೋ ಸೊಲ್ಯೂಷನ್ನೂ ಬೇರೆ.

ಮನೆ 9
ನಮ್ಮದು ನೀರು ಬರೋ ಸಮಸ್ಯೆ ಅಲ್ಲ ಹೋಗೋ ಸಮಸ್ಯೆ. ಬಾತ್‌ರೂಮ್ ಜಾಲಿಯಿಂದ ಗಲೀಜು ನೀರು ಮೇಲೆ ಬರ್ತಿದೆ, ಬ್ಲೀಚಿಂಗ್ ಹಾಕಿ ಆಮೇಲೆ ಆಸಿಡ್ ಹಾಕೋಣ ಅಂತ ಮನೇಲಿ ಹೇಳ್ತಿದಾರೆ.

ಮನೆ 18
ಬೇಡವೇ ಬೇಡ ಮೇಡಂ!! ಆಸಿಡ್, ಬ್ಲೀಚ್ ಎರಡೂ ಸೇರಿದ್ರೆ ಕ್ಲೋರಿನ್ ಗ್ಯಾಸ್ ಬರುತ್ತೆ, ಮುಚ್ಚಿದ ಬಾತ್‌ರೂಮಲ್ಲಿ ಬಹಳ ಅಪಾಯ. ಬ್ಲೀಚಿಂಗ್ ಈಗಾಗ್ಲೇ ಹಾಕಿದ್ರೆ ಇನ್ನೇನೂ ಸೇರಿಸಬೇಡಿ, ಕಿಟಕಿ ತೆಗೆದಿಡಿ. ಮನೇಲಿ ಎಲ್ಲ ನಲ್ಲಿ ಬಂದ್ ಮಾಡಿ, ಹೊರಗಿನ ಚೇಂಬರ್ (ಗಲೀಜು ನೀರು ಹೋಗೋ ಗುಂಡಿ) ಮುಚ್ಚಳ ತೆಗೆದು ದೂರದಿಂದ ನೋಡಿ. ಚೇಂಬರ್ ತುಂಬಿ ನಿಂತಿದ್ರೆ ಅದರಿಂದ ಮುಂದಕ್ಕೆ ಕಟ್ಟಿದೆ, ಖಾಲಿ ಇದ್ರೆ ಮನೆಗೂ ಚೇಂಬರ್‌ಗೂ ಮಧ್ಯೆ ಕಟ್ಟಿದೆ. ಫೋಟೋ ಇಲ್ಲಿಗೇ ಹಾಕಿ. ಯಾರನ್ನೂ ಒಳಗೆ ಇಳಿಸಬೇಡಿ, ಕೂಲಿಗೆ ಬರೋರನ್ನೂ ಅಷ್ಟೇ, ಒಳಗಿನ ವಿಷಗಾಳಿಗೆ ಉಸಿರು ನಿಲ್ಲೋಕೆ ಹೊತ್ತು ಬೇಡ. ಕಟ್ಟಿರೋದನ್ನ ಬಿಡಿಸೋ ರಾಡ್ ನಮ್ಮ ಮನೇಲಿದೆ, ತರ್ತೀನಿ.

ಮನೆ 12
ಸರಿ ಹಾಗಾದ್ರೆ, ಭಾನುವಾರ ಬೆಳಿಗ್ಗೆ 8ಕ್ಕೆ ಗೇಟ್ ಹತ್ರ ಸೇರೋಣ. ಮೊದಲ ಸಾಲಿಂದ ಶುರು, ಪ್ರತಿ ವಾಲ್ವ್ ಒಂದ್ಸಲ ಮುಚ್ಚಿ ತೆಗೆದು ಕೆಂಪು ಪೇಂಟ್ ಹಚ್ಚಿ ಫೋಟೋ ತೆಗೆದು ಇಲ್ಲಿ ಹಾಕೋದು. ತಿರುಗದ್ದು ಯಾವುದು ಅಂತ ಬೇರೆ ಬರ್ಕೊಂಡು ಪ್ಲಂಬರನ್ನ ಒಂದೇ ದಿನ ಕರೆಸಿ ಎಲ್ಲ ಬದಲಾಯಿಸೋಣ, ಅವರಿಗೂ ಇಷ್ಟು ದೂರ ಬಂದಿದ್ದಕ್ಕೆ ಕೆಲಸ ಸಿಕ್ಕಂಗಾಗುತ್ತೆ. ಇನ್ಮೇಲೆ ತೊಂದರೆ ಆದಾಗ ಮೆಸೇಜಲ್ಲಿ ಮನೆ ನಂಬರ್, ಯಾವ ಪೈಪ್, ವಾಲ್ವ್ ಮುಚ್ಚಿದೀರಾ ಇಲ್ವಾ ಇಷ್ಟು ಬರೆದು ಫೋಟೋ ಹಾಕಿ, ರಾತ್ರಿ ಆದ್ರೆ ಮೆಸೇಜ್ ಜೊತೆ ಫೋನೂ ಮಾಡಿ.

ಮನೆ 7
ಓನರ್ ಕೀ ಕೊಡೋಕೆ ಒಪ್ಪಿದ್ರು. ನಮ್ಮನೇದು ಮೊದಲೇ ನೋಡ್ತೀರಾ, ಅತ್ತೆಯೋರು ಹಗಲು ಒಬ್ರೇ ಇರ್ತಾರೆ.

ಮನೆ 31
ನಿಮ್ಮನೆಯಿಂದಲೇ ಶುರು ಮಾಡೋಣ ಮೇಡಂ. ಅತ್ತೆಯೋರನ್ನೂ ಕರೀರಿ, ಅವರ ಕೈಗೆ ತಿರುಗುತ್ತಾ ಅಂತ ಅವರೇ ಒಂದ್ಸಲ ತಿರುಗಿಸಿ ನೋಡ್ಲಿ.