ಹಳೇ ಕಾರಿಗೆ ವೀಲ್ ಅಲೈನ್‌ಮೆಂಟ್: ಒಳ್ಳೆ ಗ್ಯಾರೇಜ್ ಗುರುತಿಸೋದು ಹೇಗೆ?

ಪ್ರಶ್ನೆ (ಹಾಸನದಿಂದ)

ನಮ್ಮದು 2008ರ ಸ್ವಿಫ್ಟ್ ಡೀಸೆಲ್. ಅಪ್ಪ ತಗೊಂಡಿದ್ದ ಗಾಡಿ, ಇಂಜಿನ್ ಇನ್ನೂ ಗಟ್ಟಿಯಾಗಿದೆ, ಮಾರೋ ಮನಸ್ಸಿಲ್ಲ. ಕೆಲವು ತಿಂಗಳಿಂದ ಸ್ಟೇರಿಂಗ್ ಎಡಕ್ಕೆ ಎಳೀತಿದೆ. ಮುಂದಿನ ಎಡ ಟೈರಿನ ಒಳ ಅಂಚು ಸವೆದು ನುಣ್ಣಗಾಗಿದೆ. ಬೇರೆ ಬೇರೆ ಟೈರ್ ಅಂಗಡಿಯಲ್ಲಿ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿ ಮಾಡೋದು) ಮಾಡಿಸಿದೆ. ನಾಲ್ಕು ದಿನ ಸರಿ ಇರತ್ತೆ, ಮತ್ತೆ ಅದೇ ಕಥೆ. ಒಬ್ಬರು ಕ್ಯಾಂಬರ್ (ಚಕ್ರ ಒಳಗೋ ಹೊರಗೋ ವಾಲಿರೋ ಕೋನ) ಔಟ್ ಆಗಿದೆ, ಅದಕ್ಕೆ ಬೇರೆ ದುಡ್ಡಾಗತ್ತೆ ಅಂತಾರೆ. ಇನ್ನೊಬ್ಬರು ನಾಲ್ಕೂ ಟೈರ್ ಹಾಕಿಸಿಬಿಡಿ ಅಂತಾರೆ. ಹಳೇ ಗಾಡಿ ಇಟ್ಟುಕೊಂಡವರು ಯಾವ ಥರದ ಗ್ಯಾರೇಜಿಗೆ ಹೋಗ್ತೀರಿ? ಏನು ನೋಡಿ ನಂಬ್ತೀರಿ?

ಮೈಸೂರಿನಿಂದ

ನಮ್ಮನೇಲೂ ಹಳೇ ಸ್ಯಾಂಟ್ರೋ ಇದೆ, ಹಾಗಾಗಿ ನಿಮ್ಮ ತೊಂದರೆ ಚೆನ್ನಾಗಿ ಅರ್ಥ ಆಗತ್ತೆ. ಹೊಸ ಕಾರಿಗೆ ಅಲೈನ್‌ಮೆಂಟ್ ಅಂದ್ರೆ ಮಷಿನ್ ಕೆಲಸ. ಹಳೇ ಕಾರಿಗೆ ಅದು ಮೊದಲು ಕೈ ಕೆಲಸ, ಆಮೇಲೆ ಮಷಿನ್ ಕೆಲಸ. ನಾನು ಗ್ಯಾರೇಜ್ ಅಳೆಯೋದು ಇದೊಂದರಿಂದಲೇ: ಕಂಪ್ಯೂಟರ್ ಆನ್ ಮಾಡೋಕೆ ಮುಂಚೆ ಹುಡುಗ ಗಾಡಿ ಕೆಳಗೆ ಹೋಗ್ತಾನಾ ಇಲ್ಲವಾ?

ಗಾಡಿ ಜಾಕಿ ಮೇಲೆ ಎತ್ತಿ, ಚಕ್ರವನ್ನ ಎಡ-ಬಲ ಹಿಡಿದು ಅಲುಗಾಡಿಸಬೇಕು. ಅಲ್ಲಿ ಪ್ಲೇ (ಸಡಿಲ ಅಲುಗಾಟ) ಸಿಕ್ಕಿದ್ರೆ ಸಾಮಾನ್ಯವಾಗಿ ಟೈ ರಾಡ್ ಎಂಡ್ (ಸ್ಟೇರಿಂಗ್ ತಿರುಗಿಸಿದ್ದನ್ನ ಚಕ್ರಕ್ಕೆ ಮುಟ್ಟಿಸೋ ರಾಡಿನ ತುದಿ), ಇಲ್ಲ ಅದೇ ರಾಡಿನ ಒಳಗಿನ ರ‍್ಯಾಕ್ ಎಂಡ್. ಆಮೇಲೆ ಮೇಲೆ-ಕೆಳಗೆ ಹಿಡಿದು ಅಲುಗಾಡಿಸಬೇಕು. ಅಲ್ಲಿ ಪ್ಲೇ ಇದ್ರೆ ಬಾಲ್ ಜಾಯಿಂಟ್ (ಚಕ್ರ ತಿರುಗೋ ಕೀಲು) ಅಥವಾ ವೀಲ್ ಬೇರಿಂಗ್. ಯಾವುದು ಅಂತ ತಿಳಿಯೋಕೆ ಒಬ್ಬರು ಒಳಗೆ ಕೂತು ಬ್ರೇಕ್ ಒತ್ತಿ ಹಿಡೀಬೇಕು. ಆಗ ಅಲುಗಾಟ ನಿಂತುಹೋದ್ರೆ ಬೇರಿಂಗ್, ನಿಲ್ಲದೇ ಇದ್ರೆ ಜಾಯಿಂಟ್. ಕೊನೆಗೆ ಲೋವರ್ ಆರ್ಮ್ ಬುಷ್, ಅಂದ್ರೆ ಚಕ್ರವನ್ನ ಗಾಡಿ ತಳಕ್ಕೆ ಹಿಡಿದಿರೋ ತೋಳಿನ ಬುಡದ ರಬ್ಬರ್. ಇದು ಕೈಗೆ ಸಿಗಲ್ಲ, ಲಿವರ್ ಹಾಕಿ ಮೀಟಿ ನೋಡಬೇಕು. ರಬ್ಬರ್ ಬಿರುಕು ಬಿಟ್ಟು ಲೋಹದಿಂದ ಕಿತ್ತುಕೊಂಡಿದ್ರೆ ಆರ್ಮ್ ಹಿಂದೆ ಮುಂದೆ ಸರಿಯೋದು ಕಣ್ಣಿಗೇ ಕಾಣತ್ತೆ.

ನಿಮ್ಮ ಲಕ್ಷಣ ಕೇಳಿದ್ರೆ ನನಗೆ ಮೊದಲು ಅನುಮಾನ ಬರೋದು ಈ ಬುಷ್ ಮೇಲೇ. ಹದಿನೈದು ವರ್ಷ ದಾಟಿದ ರಬ್ಬರ್ ಅದು. ರ‍್ಯಾಂಪ್ ಮೇಲೆ ಗಾಡಿ ನಿಂತಿರುವಾಗ ಸ್ಕ್ರೀನ್‌ನಲ್ಲಿ ಎಲ್ಲಾ ಹಸಿರು (ಅಳತೆ ಸರಿ ಅಂತ) ತೋರಿಸತ್ತೆ. ರಸ್ತೆಗೆ ಇಳಿದು ಬ್ರೇಕ್ ಒತ್ತಿದ ತಕ್ಷಣ, ಗುಂಡಿಗೆ ಬಿದ್ದ ತಕ್ಷಣ, ಆ ಚಕ್ರ ಮಾತ್ರ ಜಾಗ ಬಿಟ್ಟು ಸರಿಯತ್ತೆ. ಸಡಿಲ ಇರೋ ಗಾಡಿಗೆ ಎಷ್ಟು ಸಲ ಟೋ (ಮೇಲಿಂದ ನೋಡಿದಾಗ ಚಕ್ರದ ಮುಂಭಾಗ ಒಳಗೋ ಹೊರಗೋ ತಿರುಗಿರೋದು) ಸೆಟ್ ಮಾಡಿದ್ರೂ ಅದು ನಿಲ್ಲಲ್ಲ. ಒಳ್ಳೆ ಗ್ಯಾರೇಜಿನವರು ಇಂಥ ಗಾಡಿಗೆ ಅಲೈನ್‌ಮೆಂಟ್ ಮಾಡಲ್ಲ ಅಂತ ವಾಪಸ್ ಕಳಿಸ್ತಾರೆ, ಬುಷ್ ಹಾಕಿಸ್ಕೊಂಡು ಬನ್ನಿ ಅಂತಾರೆ. ಹಾಗೆ ವಾಪಸ್ ಕಳಿಸಿದವರ ಹತ್ತಿರಕ್ಕೇ ನಾನು ಮತ್ತೆ ಹೋಗೋದು.

ಮನೇಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಮುಂದಿನ ಎಡ-ಬಲ ಟೈರ್ ಅದಲು ಬದಲು ಮಾಡಿ ಓಡಿಸಿ. ಟೈರ್ ಪಕ್ಕದಲ್ಲಿ ತಿರುಗೋ ದಿಕ್ಕಿನ ಬಾಣದ ಗುರುತು ಇದ್ರೆ ಮಾತ್ರ ಇದು ಬೇಡ. ಎಳೆತ ಬಲಕ್ಕೆ ತಿರುಗಿದ್ರೆ ತಪ್ಪು ಟೈರಿಂದು, ಅಲೈನ್‌ಮೆಂಟಿಂದಲ್ಲ. ಇನ್ನೊಂದು, ನಾವು ರಸ್ತೆಯ ಎಡಕ್ಕೆ ಓಡಿಸ್ತೀವಿ, ಮಳೆ ನೀರು ಹರಿದು ಹೋಗಲಿ ಅಂತ ರಸ್ತೆ ಅಂಚಿನ ಕಡೆ ಇಳಿಜಾರಾಗಿರತ್ತೆ. ಕೈ ಬಿಟ್ಟಾಗ ನಿಧಾನಕ್ಕೆ ಎಡಕ್ಕೆ ವಾಲೋದು ಸಹಜ. ಸ್ಟೇರಿಂಗ್ ಗಟ್ಟಿ ಹಿಡಿದು ಬಲಕ್ಕೆ ಎಳೀತಾನೇ ಇರಬೇಕು ಅಂದ್ರೆ ಮಾತ್ರ ದೋಷ.

ಮಂಗಳೂರಿನಿಂದ

ನಾನು ಬಾಡಿಗೆ ಗಾಡಿ ಓಡಿಸುವವ. ಶಿರಾಡಿ ಘಾಟಿ, ಚಾರ್ಮಾಡಿ ಎರಡೂ ಕಡೆ ಹೋಗ್ಲಿಕ್ಕುಂಟು. ಮೇಲಿನವರು ಹೇಳಿದ್ದು ಸರಿ, ಆದರೆ ಬ್ರೇಕ್ ಕೂಡ ನೋಡಿ ಮಾರಾಯ್ರೆ. ಮಳೆಗಾಲ ಕಳೆದ ಮೇಲೆ ಕ್ಯಾಲಿಪರ್ (ಬ್ರೇಕ್ ಪ್ಯಾಡ್ ಒತ್ತುವ ಭಾಗ) ಪಿನ್ ಜಾಮ್ ಆಗುವುದುಂಟು. ಆಗ ಒಂದು ಬದಿ ಬ್ರೇಕ್ ಪೂರ್ತಿ ಬಿಡುವುದಿಲ್ಲ, ಗಾಡಿ ಆ ಬದಿಗೆ ಎಳೆಯುತ್ತದೆ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ಎರಡೂ ಮುಂದಿನ ಚಕ್ರದ ಹತ್ತಿರ ಕೈ ಹಿಡಿದು ನೋಡಿ, ರಿಮ್ ಮುಟ್ಟಬೇಡಿ, ಸುಟ್ಟೀತು. ಒಂದು ಮಾತ್ರ ವಿಪರೀತ ಬಿಸಿ ಇದ್ದರೆ ಅಲೈನ್‌ಮೆಂಟಿಗೆ ದುಡ್ಡು ಹಾಕುವ ಮೊದಲು ಬ್ರೇಕ್ ಬಿಚ್ಚಿಸಿ.

80 ಕಿ.ಮೀ. ವೇಗ ದಾಟಿದ ಮೇಲೆ ಸ್ಟೇರಿಂಗ್ ನಡುಗುವುದಾದರೆ ಅದು ಹೆಚ್ಚಾಗಿ ಬ್ಯಾಲೆನ್ಸಿಂಗ್ (ಚಕ್ರದ ತೂಕ ಸುತ್ತಲೂ ಸಮ ಇಲ್ಲದಿರುವುದು), ಇಲ್ಲದಿದ್ದರೆ ರಿಮ್ ಬೆಂಡ್. ಅದನ್ನು ಅಲೈನ್‌ಮೆಂಟ್ ಅಂತ ಹೇಳಿ ಮಾಡಿಸುವವರು ತುಂಬ ಜನ.

ಹುಬ್ಬಳ್ಳಿಯಿಂದ

ನಾ ಟೈರ್ ಅಂಗಡಿಯೊಳಗ ಭಾಳ ವರ್ಷ ಇದ ಮಷಿನ್ ಮ್ಯಾಲೆ ಕೆಲಸ ಮಾಡೀನಿ, ಅದಕ್ಕ ಒಳಗಿನ ಮಾತು ಹೇಳತೀನಿ ನೋಡ್ರಿ.

ಮೊದಲ ಕ್ಯಾಂಬರ್ ವಿಷಯ. ಸ್ವಿಫ್ಟ್, ಆಲ್ಟೊ, ಸ್ಯಾಂಟ್ರೋ ಇಂಥಾ ಗಾಡಿಗೆ ಮುಂದಿನ ಚಕ್ರದಾಗ ಟೈ ರಾಡ್ ತಿರುಗಿಸಿ ಸೆಟ್ ಮಾಡೋದು ಟೋ ಒಂದ. ಕ್ಯಾಂಬರಿಗೆ ಬ್ಯಾರೆ ಸ್ಕ್ರೂ ಇರಂಗಿಲ್ಲ. ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಕೂಡಿದ ಕಂಬ) ಬೋಲ್ಟ್ ಸಡ್ಲ ಮಾಡಿದ್ರ ರಂಧ್ರದಾಗಿನ ಸಂದಿನಷ್ಟು ಸ್ವಲ್ಪ ಸರೀತದ, ಅಷ್ಟ. ಅದಕ್ಕಿಂತ ಹೆಚ್ಚು ಬೇಕಂದ್ರ ಭಾಳ ಅಂಗಡ್ಯಾಗ ಹೈಡ್ರಾಲಿಕ್ ಟೂಲ್ ಹಚ್ಚಿ ಬಗ್ಗಸ್ತಾರ. ಇದನ್ನ ಕೂಡ್ಲೇ ಒಪ್ಪಬ್ಯಾಡ್ರಿ. ಕ್ಯಾಂಬರ್ ತಾನಾಗೇ ಹೊರಗ ಹೋಗಂಗಿಲ್ಲ. ಬುಷ್ ಹೋಗಿರಬೇಕು, ಸ್ಪ್ರಿಂಗ್ ಕೂತಿರಬೇಕು, ಇಲ್ಲಾ ಗುಂಡಿಗೆ ಹೊಡದು ಆರ್ಮ್, ಸ್ಟ್ರಟ್ ಬೆಂಡ್ ಆಗಿರಬೇಕು. ಬೆಂಡ್ ಆದ ಸಾಮಾನು ಬದಲಿ ಮಾಡೋದ ಬಿಟ್ಟು ಚೊಲೋ ಇರೋ ಸಾಮಾನು ಬಗ್ಗಿಸಿದ್ರ ಸ್ಕ್ರೀನ್ ಹಸಿರಾಗತದ, ಗಾಡಿ ಕೆಡತದ.

ಹಿಂದಿನ ಚಕ್ರ ಸೆಟ್ ಮಾಡೀವಿ ಅಂತ ನಿಮ್ಮ ಸ್ವಿಫ್ಟಿಗೆ ರೊಕ್ಕ ಕೇಳಿದ್ರ ಕೊಡಬ್ಯಾಡ್ರಿ. ಹಿಂದ ಇರೋದು ಟಾರ್ಶನ್ ಬೀಮ್ (ಎರಡೂ ಹಿಂದಿನ ಚಕ್ರ ಕೂಡಿಸೋ ಒಂದ ತೊಲಿ), ಅಲ್ಲೆ ತಿರುಗಿಸೋ ಜಾಗಾನ ಇಲ್ಲ. ಅಳತೆ ಮಾತ್ರ ನಾಲ್ಕೂ ಚಕ್ರದ್ದು ತಗೋಬೇಕು, ಹಿಂದಿನ ಬೀಮ್ ಸೊಟ್ಟ ಆಗೇದೇನು ಅಂತ ಗೊತ್ತಾಗತದ.

ಇನ್ನ ಹುಡುಗ ಕೆಲಸ ಮಾಡೋ ಮುಂದ ಪಕ್ಕದಾಗ ನಿಂದರ್ರಿ. ಮೊದಲ ನಾಲ್ಕೂ ಟೈರಿಗೆ ಗಾಳಿ ನೋಡಬೇಕು. ಮಷಿನ್‌ನ್ಯಾಗ ನಿಮ್ಮ ಮಾಡೆಲ್, ವರ್ಷ ಸರಿ ಆರಿಸ್ಯಾನೇನು ನೋಡ್ರಿ, ಹಳೇ ಗಾಡಿಗೆ ಹೊಸ ಸ್ವಿಫ್ಟಿನ ಲೆಕ್ಕ ಹಾಕಿ ಬಿಡೋರು ಅದಾರ. 3ಡಿ ಮಷಿನ್ (ಕ್ಯಾಮೆರಾದಿಂದ ಅಳತಿ ತಗೊಳ್ಳೋದು) ಆದ್ರ ಚಕ್ರಕ್ಕ ಪ್ಲೇಟ್ ಹಚ್ಚಿದ ಮ್ಯಾಲೆ ಗಾಡಿ ಹಿಂದ-ಮುಂದ ಸ್ವಲ್ಪ ಉರುಳಿಸಬೇಕು. ರಿಮ್ ಸೊಟ್ಟ ಇದ್ರೂ ಅಳತೆ ತಪ್ಪಬಾರದು ಅಂತ ಅದು. ಅದನ್ನ ಬಿಟ್ರ ಮುಂದಿನ ಲೆಕ್ಕ ಎಲ್ಲಾ ಹಾಳು. ಆಮ್ಯಾಲೆ ಸ್ಟೇರಿಂಗ್ ನಡುವ ಇಟ್ಟು ಲಾಕ್ ಹಾಕಿ, ಎರಡೂ ಕಡೆ ಟೈ ರಾಡ್ ಬ್ಯಾರೆ ಬ್ಯಾರೆ ಸೆಟ್ ಮಾಡಬೇಕು. ಒಂದ ಕಡೆ ತಿರುಗಿಸಿ ಒಟ್ಟು ಟೋ ಸರಿ ಮಾಡಿದ್ರ ಗಾಡಿ ನೆಟ್ಟಗ ಹೋಗತದ, ಸ್ಟೇರಿಂಗ್ ವಾರಿ ಕೂಡತದ. ಅದನ್ನ ಮುಚ್ಚಾಕ ಸ್ಟೇರಿಂಗ್ ವೀಲ್ ಬಿಚ್ಚಿ ಒಂದು ಹಲ್ಲು ಸರಿಸಿ ಕೂಡಸೋರು ಅದಾರ. ಅಂಥಾ ಅಂಗಡಿ ಕಡೆ ಮತ್ತ ಹೋಗಬ್ಯಾಡ್ರಿ, ಏರ್‌ಬ್ಯಾಗ್ ಇದ್ದ ಗಾಡಿಗಂತೂ ಅದು ಅಪಾಯ.

ಕೆಲಸದ ಮೊದಲಿನ ಅಳತಿ, ಆದ ಮ್ಯಾಲಿನ ಅಳತಿ ಎರಡೂ ಇರೋ ಪ್ರಿಂಟ್ ಕೇಳ್ರಿ, ಮನ್ಯಾಗ ಇಟ್ಕೊಳ್ರಿ. ಮುಂದಿನ ಸಲ ಯಾವ ಚಕ್ರ ಸರದೇದ ಅಂತ ಅದರಿಂದ ಗೊತ್ತಾಗತದ. ಪ್ರಿಂಟರ್ ಕೆಟ್ಟೇದ ಅಂದ್ರ ಮೊಬೈಲ್‌ನ್ಯಾಗ ಸ್ಕ್ರೀನ್ ಫೋಟೋ ಹೊಡೀರಿ.

ಬೆಂಗಳೂರಿನಿಂದ

ದುಡ್ಡಿನ ವಿಷಯ ಮೊದಲೇ ಬಿಡಿಸಿ ಕೇಳಿ: ಅಲೈನ್‌ಮೆಂಟಿಗೆ ಎಷ್ಟು, ಬ್ಯಾಲೆನ್ಸಿಂಗ್ ಒಂದು ಚಕ್ರಕ್ಕೆ ಎಷ್ಟು, ಬ್ಯಾಲೆನ್ಸಿಂಗಿಗೆ ರಿಮ್ ಮೇಲೆ ಕೂರಿಸೋ ತೂಕಕ್ಕೆ ಗ್ರಾಂ ಲೆಕ್ಕದಲ್ಲಿ ಎಷ್ಟು. ಬೋರ್ಡ್ ಮೇಲೆ ಕಮ್ಮಿ ರೇಟ್ ಬರೆದು ಗ್ರಾಂ ಲೆಕ್ಕದಲ್ಲಿ ಎತ್ತೋದು ಇದೆ. ಬುಷ್, ಟೈ ರಾಡ್ ಎಂಡ್ ಇಲ್ಲಿ ಜೆ.ಸಿ. ರಸ್ತೆಯಲ್ಲಿ ಎಲ್ಲಾ ದರ್ಜೆಯದೂ ಸಿಗತ್ತೆ. ಅಗ್ಗದ ಬುಷ್ ಬೇಗ ಹೋಗತ್ತೆ, ಕಂಪನಿ ಪಾರ್ಟ್ಸ್ ಹಾಕಿಸಿ.

ಕೇಳಿದವರು (ಹಾಸನ)

ಎಲ್ಲರಿಗೂ ಧನ್ಯವಾದ. ಬ್ರೇಕ್ ಬಿಸಿ ಪರೀಕ್ಷೆ ಇವತ್ತು ಮಾಡಿದೆ, ಎರಡೂ ಕಡೆ ಒಂದೇ ಥರ ಇದೆ. ನಮ್ಮ ಹಳೇ ಮೆಕ್ಯಾನಿಕ್ ಹತ್ರ ಎತ್ತಿ ನೋಡಿಸ್ತೀನಿ. ಬುಷ್ ಹೋಗಿದ್ರೆ ಎಡಗಡೆದು ಒಂದೇ ಹಾಕಿಸಿದ್ರೆ ಸಾಕಾ? ಟೈರ್?

ಮೈಸೂರಿನಿಂದ

ಎರಡೂ ಕಡೆ ಹಾಕಿಸಿ, ಬಲಗಡೆದೂ ಅಷ್ಟೇ ವಯಸ್ಸಿಂದು. ಮೆಕ್ಯಾನಿಕ್‌ಗೆ ಒಂದು ಮಾತು ಹೇಳಿ: ಆರ್ಮ್ ಬೋಲ್ಟನ್ನ ಕೊನೇ ಸಲ ಟೈಟ್ ಮಾಡೋದು ಗಾಡಿ ನೆಲದ ಮೇಲೆ ನಿಂತು ಭಾರ ಚಕ್ರದ ಮೇಲೆ ಬಿದ್ದ ಮೇಲೆ. ಚಕ್ರ ಗಾಳಿಯಲ್ಲಿ ತೂಗಾಡುವಾಗಲೇ ಬಿಗಿದ್ರೆ ಗಾಡಿ ಇಳಿಸಿದಾಗ ರಬ್ಬರ್ ತಿರುಚಿಕೊಂಡೇ ಕೂರತ್ತೆ, ಬೇಗ ಹರಿಯತ್ತೆ.

ಟೈರ್ ಈಗಲೇ ನಾಲ್ಕೂ ಬೇಡ. ಆದ್ರೆ ಒಳ ಅಂಚು ನುಣ್ಣಗಾದ ಎಡ ಟೈರ್ ಮುಂದೆ ಇಟ್ಟುಕೊಂಡು ಮಳೇಲಿ ಓಡಿಸಬೇಡಿ. ರಬ್ಬರ್ ಸವೆದು ಟೈರ್ ಒಳಗಿನ ದಾರ ಕಾಣ್ತಿದ್ರೆ ಇವತ್ತೇ ಬಿಚ್ಚಿಸಿ ಸ್ಟೆಪ್ನಿ ಹಾಕಿ. ಮುಂದಿನ ಎರಡು ಚಕ್ರಕ್ಕೆ ಒಂದೇ ಕಂಪನಿ, ಒಂದೇ ಮಾದರಿಯ ಜೋಡಿ ಇರಲಿ. ಅಲೈನ್‌ಮೆಂಟ್ ಬುಷ್ ಕೆಲಸ ಆದ ಮೇಲೇ, ಅದಕ್ಕೂ ಮುಂಚೆ ಮತ್ತೆ ದುಡ್ಡು ಕೊಡಬೇಡಿ.

ಹುಬ್ಬಳ್ಳಿಯಿಂದ

ಹೋಗೋ ಹಿಂದಿನ ದಿನ ಟೈ ರಾಡ್ ಲಾಕ್ ನಟ್ಟಿಗೆ ಎರಡೂ ಕಡೆ ತುಕ್ಕು ಬಿಡಿಸೋ ಸ್ಪ್ರೇ ಹೊಡದು ಬಿಡ್ರಿ. ಹಳೇ ಗಾಡ್ಯಾಗ ಅದು ಜಾಮ್ ಆಗಿರತದ. ನಟ್ ಬಿಡಂಗಿಲ್ಲ ಅಂದ ಕೂಡ್ಲೇ ಹುಡುಗ ಸಡ್ಲ ಇದ್ದ ಕಡೆ ಅಷ್ಟ ತಿರುಗಿಸಿ ಕಳಸ್ತಾನ, ಸ್ಟೇರಿಂಗ್ ವಾರಿ ಆಗೋದು ಭಾಳ ಸಲ ಅದರಿಂದನ. ರ‍್ಯಾಂಪ್ ಇಳದ ಮ್ಯಾಲೆ ಅವನನ್ನ ಪಕ್ಕದಾಗ ಕೂಡಿಸ್ಕೊಂಡು ಸಪಾಟ ರಸ್ತೆ ಮ್ಯಾಲೆ ಒಂದು ರೌಂಡ್ ಹೊಡೀರಿ, ಬಿಲ್ ಆಮ್ಯಾಲೆ ಕೊಡ್ರಿ.